ಗಾಳಿಯ ಸದ್ದು ನಿಂತ ಮೇಲೆ

ನಾನು ಕುಡಿಯುವವನಲ್ಲ. ನಿದ್ದೆಗಣ್ಣಲ್ಲಿ ಗಾಡಿ ಓಡಿಸಿದವನೂ ಅಲ್ಲ. ಇದನ್ನು ಕೇಳಿ ನಕ್ಕವರು ಬೇಕಾದಷ್ಟು ಜನ. ನಗಲಿ. ಆ ರಸ್ತೆಯಲ್ಲಿ ಇದ್ದವನು ನಾನು, ಅವರಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಿಜಾಪುರದ ಕಡೆಯಿಂದ ಬಂದ ನಾನು ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮನೆ ಠಾಣೆಯಲ್ಲಿ. ಕೆಲಸದಲ್ಲಿ ಒಮ್ಮೆ ಗಾಳಿಯ ಪೈಪು ಸಿಡಿದು ನನ್ನ ಎಡಗಿವಿ ಪೂರ್ತಿ ಹೋಯಿತು. “ಆ ಕಿವಿ ಸತ್ತಿದೆ. ಬಲಗಿವಿಯಾದರೂ ಉಳಿಯಬೇಕಾದರೆ ಮೋಟಾರ್ ಸೈಕಲ್ ಬಿಡಿ. ದಿನಾ ಆ ಗಾಳಿಯ ಮೊರೆತ ಒಳ್ಳೆಯದಲ್ಲ,” ಎಂದರು ಡಾಕ್ಟರು.

ಬಿಡಲಿಲ್ಲ. ಕಿವಿ ಕೊಟ್ಟದ್ದಾಯಿತು, ಗಾಡಿಯನ್ನೂ ಯಾಕೆ ಕೊಡಬೇಕು?

ಠಾಣೆಯಲ್ಲಿ ಅಕ್ರಿಲಿಕ್ ಬೋರ್ಡು ಮಾಡುತ್ತಿದ್ದ ಕುಂದಾಪುರದ ಸದಾನಂದಣ್ಣನ ಹತ್ತಿರ ಹೋದೆ. ಗಾಜಿನಂತೆ ಕಾಣುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸ್ಟೋವಿನ ಮೇಲೆ ಕಾಯಿಸಿ, ಬಗ್ಗಿಸಿ, ಹ್ಯಾಂಡಲಿಗೆ ಗಾಳಿ ತಡೆಯುವ ವಿಂಡ್‌ಶೀಲ್ಡ್ ಕಟ್ಟಿಕೊಟ್ಟರು. ಮೊದಲನೆಯದು ತೀರಾ ಎತ್ತರವಾಯಿತು. ಗಾಳಿ ಅದರ ನೆತ್ತಿ ದಾಟಿ, ಸುತ್ತಿಕೊಂಡು ಬಂದು ನನ್ನ ತಲೆಗೇ ಡಬಡಬ ಬಡಿಯುತ್ತಿತ್ತು. ಎರಡನೆಯದನ್ನು ಮೂಗಿನ ಮಟ್ಟಕ್ಕೆ ಕತ್ತರಿಸಿ, ಹೆಡ್‌ಲೈಟಿನ ಹತ್ತಿರ ನಾಲ್ಕು ಬೆರಳಿನಷ್ಟು ಸಂದು ಬಿಟ್ಟರು.

“ಈಗ ಗಾಳಿ ಸ್ವಲ್ಪ ಕೆಳಗಿಂದ ಒಳಗೆ ಬತ್ತದೆ, ಉಳಿದದ್ದು ತಲೆ ಮೇಲಿಂದ ಹೋತದೆ. ನೋಡಿ ಮಾರಾಯ್ರೆ, ದೇವಸ್ಥಾನದ ಒಳಗೆ ಕೂತ ಹಾಗಿರ್ತದೆ,” ಎಂದರು.

ಹಾಗೆಯೇ ಇತ್ತು.

ಡಿಸೆಂಬರ್ ತಿಂಗಳು, ಸಂಜೆ ಏಳೂವರೆ, ಆಗಲೇ ಪೂರ್ತಿ ಕತ್ತಲೆ. ಕಾರ್ಖಾನೆಯಿಂದ ಮನೆಗೆ ಹೊರಟು ಶಿಳ್ ನಾಕಾದ ಕೂಡುರಸ್ತೆ ದಾಟಿದೆ. ಎಡಕ್ಕೆ ಮುಂಬ್ರಾದ ಗುಡ್ಡ, ಎದುರಿಗೆ ಒಂದು ಲಾರಿಯೂ ಇಲ್ಲ. ಗಾಳಿಯ ಸದ್ದು ನಿಂತೇ ಹೋಗಿತ್ತು. ಎಂಜಿನ್ನಿನ ಟಕಟಕ, ಚೈನಿನ ಸರಸರ, ಜೀರುಂಡೆ... ಎಷ್ಟೋ ತಿಂಗಳಾದ ಮೇಲೆ ಬಲಗಿವಿಗೆ ಇವೆಲ್ಲ ಬೇರೆಬೇರೆಯಾಗಿ ಕೇಳಿದವು. ಖುಷಿಗೆ ಒಬ್ಬನೇ ನಕ್ಕೆ.

ಆಗ ಎಡಗಿವಿಯಲ್ಲಿ ಯಾರೋ ಉಸಿರು ಬಿಟ್ಟರು.

ಎಡಗಿವಿಯಲ್ಲಿ...

ಒದ್ದೆ ಕಂಬಳಿಯ ವಾಸನೆ ಮೂಗಿಗೆ ಅಡರಿತು. ಹಿಂದಿನ ಸ್ಪ್ರಿಂಗು ಕಿರ್ರೆಂದು ತಗ್ಗಿತು, ಯಾರೋ ಹತ್ತಿ ಕೂತ ಹಾಗೆ. ಮುದುಕನ ದಣಿದ ದನಿ. ನಮ್ಮ ಕಡೆಯದೇ ಮಾತು.

“ಇನ್ನ ಎಷ್ಟ ದೂರ ಐತಪಾ?”

ಬ್ರೇಕು ಒತ್ತಿದೆ. ಹಿಂದೆ ನೋಡಿದರೆ ಖಾಲಿ ಸೀಟು. ಎಂಜಿನ್ ಆರಿಸಿದೆ. ನನ್ನ ಭ್ರಮೆಯೋ ಏನೋ, ಪರೀಕ್ಷಿಸಿಯೇ ಬಿಡೋಣ ಎಂದು ಬಲಗಿವಿಗೆ ಬೆರಳು ತುರುಕಿದೆ. ಜೀರುಂಡೆ ನಿಂತಿತು. ಜಗತ್ತೇ ನಿಂತಿತು. ಆ ಉಸಿರು ಮಾತ್ರ ನಿಲ್ಲಲಿಲ್ಲ. ಒಳಕ್ಕೆ... ಹೊರಕ್ಕೆ... ಒಳಕ್ಕೆ...

ಹೆದರಿದ್ದು ನಿಜ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಡಾಕ್ಟರು ಬಿಡು ಎಂದರು, ಈಗ ಇದೂ ಹೆದರಿಸಲು ಬಂತೇ?

“ಹತ್ತೀದಿ ಅಂದಮ್ಯಾಲ ಕೂಡು,” ಎಂದೆ ಜೋರಾಗಿ. “ಗಾಡಿ ನಂದು. ನಾ ಇಳಿಯಾಂವಲ್ಲ.”

ಕಿಕ್ ಹೊಡೆದು ಹೊರಟೆ. ಠಾಣೆಗೆ ಸ್ವಲ್ಪ ಮೊದಲು ಸಿಗುವ ಕಳವಾ ಸೇತುವೆಯ ತನಕ ಅದರ ಭಾರ ಇತ್ತು. ಸೇತುವೆಯ ಮೇಲೆ ಸ್ಪ್ರಿಂಗು ಮೆಲ್ಲಗೆ ಮೇಲೆದ್ದಿತು.

ಹೆಂಡತಿಗೆ ಹೇಳಲಿಲ್ಲ. ಮರುದಿನ ಸದಾನಂದಣ್ಣನಿಗೆ ಹೇಳಿದೆ. ಅವರು ಅಕ್ರಿಲಿಕ್ಕನ್ನು ಒಳಗಡೆಯಿಂದ ನೋಡಿ ಒಂದು ಕಡೆ ಬೆರಳಿಟ್ಟು ತೋರಿಸಿದರು. ಎಡಭಾಗದಲ್ಲಿ, ನನ್ನ ಭುಜದ ಎತ್ತರಕ್ಕೆ, ಉಸಿರು ತಾಗಿ ಮಂಜಾದ ಹಾಗೆ ದುಂಡನೆಯ ಕಲೆ. ಸೀಮೆಎಣ್ಣೆ ಹಾಕಿ ಒರೆಸಿದರೂ ಹೋಗಲಿಲ್ಲ.

“ಬಿಚ್ಚುವ ಮಾರಾಯ್ರೆ,” ಎಂದರು ಪಿಸುಮಾತಿನಲ್ಲಿ. “ಗಾಳಿ ಶಬ್ದ ಇದ್ರೆ ಅದು ನಿಮಗೆ ಕೇಳುದಿಲ್ಲ. ಶಬ್ದವೇ ಒಳ್ಳೇದು.”

“ಕಿವಿ ಯಾರದು ಸದಾನಂದಣ್ಣ? ನಂದು. ಬಿಚ್ಚೂದಿಲ್ಲ.”

ಅದೇ ರಸ್ತೆ, ಅದೇ ಹೊತ್ತು, ಒಂದು ದಿನವೂ ತಪ್ಪಿಸಲಿಲ್ಲ. ಆ ಜಾಗ ಬಂದಾಗ ಬೇಕೆಂದೇ ನಿಧಾನ ಮಾಡುತ್ತಿದ್ದೆ. ತಿಂಗಳುಗಟ್ಟಲೆ ಏನೂ ಕೇಳಲಿಲ್ಲ. ಗೆದ್ದೆ ಅಂದುಕೊಂಡೆ.

ಬೇಸಿಗೆಯ ಒಂದು ಭಾನುವಾರ ಡೊಂಬಿವಲಿಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ, ಹೆಂಡತಿ ಶಾಂತಾಳನ್ನು ಹಿಂದೆ ಕೂಡಿಸಿಕೊಂಡು ಬರುತ್ತಿದ್ದೆ. ಕತ್ತಲಾಗಿತ್ತು. ಶಿಳ್ ದಾಟಿತು. ಬೆವರು ಸುರಿಯುವ ಸೆಕೆಯಲ್ಲಿ ಒದ್ದೆ ಕಂಬಳಿಯ ವಾಸನೆ... ಎಡಗಿವಿಯಲ್ಲಿ ಅದೇ ದನಿ, ಅದೇ ಪ್ರಶ್ನೆ. ಹಲ್ಲು ಕಚ್ಚಿ ಸುಮ್ಮನೆ ಓಡಿಸಿದೆ. ಅವಳಿಗೇಕೆ ಹೆದರಿಕೆ?

ಶಾಂತಾ ನನ್ನ ಭುಜ ತಟ್ಟಿದಳು.

“ರೀ, ಯಾಕ ಸುಮ್ಮನದೀರಿ? ಆವಾಗಿಂದ ಅಜ್ಜಾರ ಎಷ್ಟ ದೂರ ಅಂತ ಕೇಳಾಕತ್ತಾರ. ಹೇಳ್ರಲಾ, ಪಾಪ.”

ಅವಳಿಗೆ ಏನು ಕಾಣುತ್ತಿತ್ತು, ನಮ್ಮಿಬ್ಬರ ನಡುವೆ ಯಾರು ಕೂತಿದ್ದರು, ತಿರುಗಿ ನೋಡಲಿಲ್ಲ. ನೋಡಲಾಗಲಿಲ್ಲ.

“ಕಳವಾ ದಾಟಿದ್ರ ಬಂತ್ರಿ ಅಜ್ಜಾ,” ಎಂದೆ. ಈ ಸಲ ದನಿಯಲ್ಲಿ ಸಿಟ್ಟು ಇರಲಿಲ್ಲ.

ಸೇತುವೆಯ ಮೇಲೆ ಸ್ಪ್ರಿಂಗು ಮೇಲೆದ್ದಿತು. ಮನೆಗೆ ಬಂದು ಶಾಂತಾಳನ್ನು ಕೇಳಿದರೆ, ತಾನು ದಾರಿಯುದ್ದಕ್ಕೂ ತೂಕಡಿಸುತ್ತಿದ್ದೆ, ಏನೂ ಮಾತಾಡಲಿಲ್ಲ ಎಂದಳು. ಇಂದಿಗೂ ಹಾಗೇ ಹೇಳುತ್ತಾಳೆ.

ಗಾಡಿ ಮಾರುವ ತನಕ ಅದೇ ರಸ್ತೆಯಲ್ಲೇ ಓಡಾಡಿದೆ. ಹೆದರಿ ದಾರಿ ಬದಲಿಸಲಿಲ್ಲ. ಆದರೆ ಒಂದು ಯೋಚನೆ ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ... ಆವತ್ತು ನನ್ನ ಭುಜ ತಟ್ಟಿದ್ದು ಯಾರು?