ಎಂಟನೆಯ ದಿನ ಎಂದು ಬರೆದವಳು ನಾನು

ಆಸ್ಪತ್ರೆಯ ಆ ಫಾರ್ಮಿನ ಎಲ್ಲ ಖಾನೆಗಳನ್ನೂ ತುಂಬಿದವಳು ನಾನೇ. ತಂಗಿಗೆ ಓದು ಬರಹ ಬರುವುದಿಲ್ಲ ಎಂದಲ್ಲ, ಪಿಯುಸಿ ಮುಗಿಸಿದ್ದಾಳೆ. ಆದರೆ ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವಳು ನಾನು, ಅದರಲ್ಲೂ ಜೀವಶಾಸ್ತ್ರ. ಯಾವ ಕಾಗದ ಬಂದರೂ ನನ್ನ ಕೈಗೆ ಕೊಡುವುದು ನಮ್ಮವರ ರೂಢಿ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ತಂಗಿಗೆ ಪರೀಕ್ಷೆಗಳು ಶುರುವಾದಾಗ ಫೈಲು ಹಿಡಿದು ಜೊತೆಗೆ ಹೋದವಳೂ ನಾನೇ.

ಮೊದಲು ತೋರಿಸಿದ ಆಸ್ಪತ್ರೆ ದೊಡ್ಡದು. ಅಲ್ಲಿನ ಡಾಕ್ಟರು ಕೆಟ್ಟವರೇನಲ್ಲ. ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲೇ ಹೇಳುತ್ತಿದ್ದೆ. ತಂಗಿ ಪಕ್ಕದ ಕುರ್ಚಿಯಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಕೆಲಸ ಎಷ್ಟು ಸಲೀಸಾಗಿ ಆಗುತ್ತಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಈಗ ಅದನ್ನು ನೆನೆದರೆ ಕೂತಲ್ಲಿ ಕೂರಲಾಗುವುದಿಲ್ಲ.

ಮುಟ್ಟಿನ ತಾರೀಖಿಗೆ ಒಂದು ಖಾನೆ ಇರುತ್ತಿತ್ತು. ಗೋಪನಕೊಪ್ಪದ ಅವಳ ಮನೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ ಗೋಡೆ ಕ್ಯಾಲೆಂಡರ್ ಇದೆ. ತಂಗಿ ತಿಂಗಳಿಗೊಂದು ಕುಂಕುಮದ ಚುಕ್ಕೆಯನ್ನು ಅದರ ಮೇಲೆ ಇಡುತ್ತಾಳೆ. ಅದರ ಫೋಟೊ ತೆಗೆದುಕೊಂಡು, ಚುಕ್ಕೆ ಇದ್ದ ತಾರೀಖನ್ನು ಫಾರ್ಮಿಗೆ ಇಳಿಸುತ್ತಿದ್ದೆ. ಒಂದೂವರೆ ವರ್ಷ ಹೀಗೇ ನಡೆಯಿತು.

ಕೊನೆಗೆ ಎಕ್ಸ್‌ರೇ ಬರೆದುಕೊಟ್ಟರು. ಗರ್ಭನಾಳಗಳು ತೆರೆದಿವೆಯೋ ಮುಚ್ಚಿವೆಯೋ ನೋಡಲು ಒಳಗೆ ಔಷಧಿ ಹಾಯಿಸಿ ತೆಗೆಯುವಂಥದ್ದು. ಮುಟ್ಟಾಗಿ ಏಳರಿಂದ ಹತ್ತನೆಯ ದಿನದೊಳಗೆ ಆಗಬೇಕು. ನಾನು ಚುಕ್ಕೆಯಿಂದ ಎಣಿಸಿ, ಗುರುವಾರ ಎಂಟನೆಯ ದಿನ ಎಂದು ಬರೆದೆ. ಬೆಳಿಗ್ಗೆ ಹತ್ತಕ್ಕೆ ಬರಲು ಹೇಳಿದರು.

ಬುಧವಾರ ಬೆಳಿಗ್ಗೆ ತಂಗಿಯ ಫೋನ್ ಬಂತು. ಅವಳ ಗಂಡ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಾನೆ. ಅಲ್ಲಿಯ ವೆಲ್ಡರನ ಹೆಂಡತಿ ಉಣಕಲ್ಲಿನ ಒಬ್ಬ ಲೇಡಿ ಡಾಕ್ಟರ ಬಗ್ಗೆ ಹೇಳಿದ್ದಳಂತೆ, ಎಕ್ಸ್‌ರೇಗಿಂತ ಮೊದಲು ಅವರಿಗೆ ಒಮ್ಮೆ ತೋರಿಸೋಣ ಎಂದಳು. ಎಕ್ಸ್‌ರೇಗೆ ಹೆದರಿ ನೆವ ಹುಡುಕುತ್ತಿದ್ದಾಳೆ ಎಂದುಕೊಂಡು ನಾನು ಬೈದೆ.

“ಆ ದೊಡ್ಡ ದವಾಖಾನ್ಯಾಗ ನನಗ ಯಾರೂ ಏನೂ ಕೇಳೂದ ಇಲ್ಲ ಅಕ್ಕಾ,” ಎಂದಳು.

ನನಗೆ ಅವತ್ತು ರಜೆ ಇತ್ತು. ಹೋದದ್ದಕ್ಕೆ ಅಷ್ಟೇ ಕಾರಣ. ರಜೆ ಇರದಿದ್ದರೆ? ಈ ಪ್ರಶ್ನೆ ಪಾತ್ರೆ ತಿಕ್ಕುವಾಗ, ಬಸ್ಸಿನಲ್ಲಿ ನಿಂತಾಗ, ಎಲ್ಲೆಂದರಲ್ಲಿ ಬಂದು ನಿಲ್ಲುತ್ತದೆ.

ಉಣಕಲ್ಲಿನ ಡಾಕ್ಟರಿಗೆ ಐವತ್ತರ ಆಸುಪಾಸು, ಕನ್ನಡಕ ತಲೆಯ ಮೇಲೆ. ನಾನು ಫೈಲು ಬಿಚ್ಚಿ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅವರು ಎರಡು ವಾಕ್ಯ ಕೇಳಿದರು, ಫೈಲನ್ನು ಮುಚ್ಚಿ ಅದರ ಮೇಲೆ ತಮ್ಮ ಚಹಾದ ಕಪ್ ಇಟ್ಟರು.

“ಅಕ್ಕಾರ, ನೀವು ಸ್ವಲ್ಪ ಸುಮ್ಮ ಕೂಡ್ರಿ. ಬ್ಯಾನಿ ನಿಮಗಿಲ್ಲಲ್ಲ.” ಆಮೇಲೆ ತಂಗಿಯ ಕಡೆ ತಿರುಗಿದರು. “ನೀ ಹೇಳವಾ. ಈ ಸಲ ಹೆಂಗಾತು?”

ನನಗೆ ಸಿಟ್ಟು ಬಂದಿತ್ತು. ತಂಗಿ ಮೊದಲು ನನ್ನ ಮುಖ ನೋಡಿದಳು, ಆಮೇಲೆ ತಡವರಿಸುತ್ತ ಹೇಳತೊಡಗಿದಳು. ಈ ಸಲ ಒಂದೇ ದಿನ ಬರೀ ಕಲೆ ಕಂಡಿತ್ತು. ಆದರೂ ಅತ್ತೆ ಹೇಳಿದಂತೆ ಮೂರು ದಿನ ಅಡುಗೆಮನೆಗೆ ಹೋಗಲಿಲ್ಲ, ನಾಲ್ಕನೆಯ ದಿನ ತಲೆ ಮೇಲೆ ನೀರು ಹಾಕಿಕೊಂಡಳು, ಬಂದು ಕ್ಯಾಲೆಂಡರಿಗೆ ಚುಕ್ಕೆ ಇಟ್ಟಳು.

“ಚುಕ್ಕಿ ಇಡೂದು ಯಾವತ್ತು? ಕಂಡ ದಿನಾನೋ, ನೀರು ಹಾಕ್ಕೊಂಡ ದಿನಾನೋ?”

“ನೀರು ಹಾಕ್ಕೊಂಡ ದಿನಾರಿ. ಅದಕ್ಕಿಂತ ಮೊದಲ ಕುಂಕುಮ ಮುಟ್ಟಾಂಗಿಲ್ಲಲ್ರಿ.”

ಡಾಕ್ಟರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಮ್ಮ ತವರಿನಲ್ಲೂ ಸ್ನಾನದ ದಿನದಿಂದಲೇ ಎಣಿಸುತ್ತಿದ್ದರು. ನನಗದು ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಮುಟ್ಟಿನ ಮೂರನೆಯ ದಿನ ಪರೀಕ್ಷೆಗೆ ಕೊಡಬೇಕಾದ ರಕ್ತವನ್ನು ಒಂದೂವರೆ ವರ್ಷ ಆರನೆಯ ದಿನ ಕೊಡಿಸಿದ್ದೆ. ಈ ತಿಂಗಳಂತೂ ಮುಟ್ಟೇ ಅಲ್ಲದ್ದನ್ನು ಮುಟ್ಟು ಎಂದು ಬರೆದಿದ್ದೆ.

ಮತ್ತೇನಾದರೂ ತ್ರಾಸು ಇದೆಯೇ ಎಂದು ಡಾಕ್ಟರು ಕೇಳಿದರು. ಕೆಳಹೊಟ್ಟೆಯ ಒಂದು ಮಗ್ಗುಲು ಎರಡು ದಿನದಿಂದ ನೋಯುತ್ತಿದೆ, ಇವತ್ತು ಎಡ ಹೆಗಲೂ ಹಿಡಿದುಕೊಂಡಿದೆ ಎಂದಳು. ಹೆಗಲ ನೋವು ನನಗೂ ಹೇಳಿದ್ದಳು. ಹಿಂದಿನ ದಿನ ಅವರ ಓಣಿಗೆ ಆರು ದಿನದ ಮೇಲೆ ನಳದ ನೀರು ಬಂದಿತ್ತು, ಕೊಡ ಎತ್ತಿ ಬ್ಯಾರಲ್ ತುಂಬಿಸಿದ್ದಕ್ಕೆ ಇರಬೇಕೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಡಾಕ್ಟರು ಎದ್ದುನಿಂತರು. ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು. ಆರು ವರ್ಷ ಕಾದಿದ್ದ ಗೆರೆಗಳು. ತಂಗಿಯ ಮುಖ ಅರಳಿದ್ದನ್ನು ನಾನು ನೋಡಿದೆ, ಡಾಕ್ಟರ ಮುಖ ಅರಳದೆ ಇದ್ದದ್ದನ್ನೂ ನೋಡಿದೆ. ಪಕ್ಕದ ಕೋಣೆಯಲ್ಲಿ ಸ್ಕ್ಯಾನ್ ಮಾಡುವಾಗ ಅವರು ಅವಳ ಕೈ ಹಿಡಿದುಕೊಂಡೇ ಹೇಳಿದರು: ಗರ್ಭ ನಿಂತಿರುವುದು ನಾಳದಲ್ಲಿ, ಅಲ್ಲಿ ಅದು ಬೆಳೆಯಲಾರದು, ನಾಳ ಆಗಲೇ ಸೀಳುತ್ತಿದೆ, ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ, ಹೆಗಲು ನೋಯುತ್ತಿರುವುದೂ ಅದರಿಂದಲೇ, ಈಗಲೇ ಆಪರೇಶನ್ ಆಗಬೇಕು.

“ನಿನ್ನ ತಪ್ಪಲ್ಲವಾ ಇದು. ಛಲೋ ಆತು, ಇವತ್ತ ಬಂದಿ,” ಎಂದರು.

ಆಪರೇಶನ್ ಸೌಲಭ್ಯವಿದ್ದ ಆಸ್ಪತ್ರೆಗೆ ಅವರೇ ಫೋನ್ ಮಾಡಿದರು. ಹೊರಗೆ ಕಾದಿದ್ದವರಿಗೆ ಸಂಜೆ ಬರಲು ಹೇಳಿ, ತಮ್ಮ ಕಾರಿನಲ್ಲೇ ನಮ್ಮನ್ನು ಕರೆದುಕೊಂಡು ಹೋದರು. ದಾರಿಯಲ್ಲಿ ತಂಗಿಯ ತುಟಿ ಬಿಳಿಚಿಕೊಂಡಿತು. ಸಿಗ್ನಲ್ಲಿನಲ್ಲಿ ನಿಂತಾಗ ನಾನು ಅವಳ ಹೆಸರು ಕೂಗುತ್ತಿದ್ದೆನಂತೆ. ನನಗೆ ಅದು ನೆನಪಿಲ್ಲ. ಎದುರು ನಿಂತಿದ್ದ ಬಸ್ಸಿನ ನಂಬರು ಮಾತ್ರ ಈಗಲೂ ನೆನಪಿದೆ.

ಒಂದು ನಾಳ ತೆಗೆದರು. ತಂಗಿ ಉಳಿದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ನಾನು ಅವಳ ಹಾಸಿಗೆಯ ಪಕ್ಕ ಕೂತು ಗಡಿಯಾರ ನೋಡುತ್ತಿದ್ದೆ. ಉಣಕಲ್ಲಿಗೆ ಹೋಗದೆ ಇದ್ದಿದ್ದರೆ ಈ ಹೊತ್ತಿಗೆ ಅವಳನ್ನು ಇನ್ನೊಂದು ಮೇಜಿನ ಮೇಲೆ ಮಲಗಿಸಿ, ಒಳಗೆ ಔಷಧಿ ಹಾಯಿಸಲು ನಾನೇ ಸಹಿ ಹಾಕುತ್ತಿದ್ದೆ. ಅಥವಾ ಅವಳು ಅಷ್ಟು ಹೊತ್ತೂ ಉಳಿಯುತ್ತಿರಲಿಲ್ಲವೇನೋ.

ನಾಲ್ಕು ತಿಂಗಳ ಮೇಲೆ, ಉಳಿದ ನಾಳದ ಎಕ್ಸ್‌ರೇ ಮಾಡಿಸೋಣ ಎಂದವಳು ತಂಗಿಯೇ. ನನಗೆ ಬೇಡವಾಗಿತ್ತು. ಉಣಕಲ್ಲಿನ ಡಾಕ್ಟರು ತಾವೇ ಬಂದು ಅವಳ ಪಕ್ಕ ನಿಲ್ಲುವುದಾಗಿ ಹೇಳಿದ್ದರು, ನಿಂತರು ಕೂಡ. ಫಾರ್ಮ್ ಹಿಡಿದು ಬಂದ ನರ್ಸ್ ನನ್ನನ್ನೇ ತಾರೀಖು ಕೇಳಿದಳು. ನನಗೆ ಬಾಯಿಪಾಠವಾಗಿತ್ತು. ಆದರೂ ಅವಳನ್ನೇ ಕೇಳಿ ಎಂದೆ.

ಅರ್ಧ ಗಂಟೆಗೆ ತಂಗಿ ಹೊರಗೆ ಬಂದಳು. ನಾಳ ತೆರೆದಿದೆಯಂತೆ. ಹಸಿವಾಗಿದೆ, ಗಿರಮಿಟ್ಟು ಕೊಡಿಸು ಎಂದಳು. ಹೇಳುತ್ತಲೇ ಎಡ ಹೆಗಲನ್ನು ಒತ್ತಿಕೊಂಡಳು.

“ಯಾಕ, ನೋಯಾಕತ್ತೇತೇನು?”

“ನಿನ್ನೆ ನಳ ಬಂದಿತ್ತಲ್ಲ ಅಕ್ಕಾ. ನಡಿ.”

ನಾನು ನಡೆಯಲಿಲ್ಲ. ಹಿಂದಿರುಗಿ ಹೋಗಿ ಆಗಷ್ಟೇ ಮುಚ್ಚಿದ್ದ ಬಾಗಿಲು ಬಡಿದೆ. ತಂಗಿ ಹಿಂದಿನಿಂದ ಬಂದು, “ಡಾಕ್ಟ್ರ, ಈಕಿಗೂ ಒಂದು ಎಕ್ಸ್‌ರೇ ತಗೀರಿ, ತಲಿದು,” ಎಂದಳು. ಡಾಕ್ಟರು ನಗಲಿಲ್ಲ. ಆ ಔಷಧಿಯಿಂದಲೂ ಹೆಗಲು ಸ್ವಲ್ಪ ನೋಯುವುದುಂಟು ಎಂದರು. ಆಮೇಲೆ ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿಕೊಂಡು ತಂಗಿಗೆ ಕುರ್ಚಿ ತೋರಿಸಿದರು.

“ಇರಲಿ. ಕೂಡವಾ. ಯಾವಾಗಿಂದ ನೋಯಾಕತ್ತೇತಿ, ಹೇಳು.”

ನಾನು ಬಾಯಿ ತೆರೆದೆ, ಮುಚ್ಚಿದೆ, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತೆ.