ತೊಡೆಗೆ ಕಟ್ಟಿದ ಪುಸ್ತಕ

ಅವರ ಬಲತೊಡೆಯ ಮೇಲೆ ಸದಾ ಒಂದು ಪುಟ್ಟ ಪುಸ್ತಕ ಕಟ್ಟಿರುತ್ತಿತ್ತು. ಎರಡು ಬೆರಳಗಲದ ಕಪ್ಪು ಎಲಾಸ್ಟಿಕ್ ಪಟ್ಟಿ, ಅದಕ್ಕೆ ಹೊಲಿದ ರಟ್ಟು, ರಟ್ಟಿಗೆ ಸಿಕ್ಕಿಸಿದ ಅಂಗೈಯಗಲದ ಪುಸ್ತಕ, ದಾರದಲ್ಲಿ ನೇತಾಡುವ ಮೋಟು ಪೆನ್ಸಿಲ್ಲು. ತರಕಾರಿಗೆ ಹೊರಟರೂ ಅದು ಬೇಕು, ಹಾಲಿನ ಬೂತಿಗೆ ಹೋದರೂ ಬೇಕು. ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಹೀಗೆ ಪಟ್ಟಿ ಬಿಗಿದುಕೊಂಡು ಸ್ಕೂಟರಿನಲ್ಲಿ ಹೋಗುತ್ತಿದ್ದವರನ್ನು ಮೊದಲ ಸಲ ನೋಡಿದಾಗ ನಮ್ಮಮ್ಮ, "ಪಾಪ, ಕಾಲಿಗೇನೋ ಪೆಟ್ಟಾಗಿರ್ಬೇಕು ಕಣೇ" ಅಂದಿದ್ದಳು.

ಪೆಟ್ಟೂ ಇಲ್ಲ, ಏನೂ ಇಲ್ಲ. ಯುದ್ಧವಿಮಾನ ಹಾರಿಸುವವರ ಅಭ್ಯಾಸವಂತೆ ಅದು. ಅಲ್ಲಿ ಬರೆದುಕೊಳ್ಳಲು ಮೇಜು ಎಲ್ಲಿಂದ ಬರಬೇಕು? ತೊಡೆಯೇ ಮೇಜು. ನೌಕಾಪಡೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಆ ಮೇಜು ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಅವರು ನಮ್ಮ ಕುಂಬಾರಕೊಪ್ಪಲಿಗೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಬಂದದ್ದು ಅನ್ನುವುದಕ್ಕಿಂತ ವಾಪಸಾದದ್ದು ಅನ್ನಬೇಕು, ಹುಟ್ಟಿದ್ದು ಇದೇ ಬೀದಿಯಲ್ಲಿ. ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ನಮ್ಮ ಪಕ್ಕದ ಹೆಬ್ಬಾಳದ ಕೆರೆ ಬಿಟ್ಟು ಬೇರೆ ನೀರು ಕಾಣದಿದ್ದ ಹುಡುಗ ಹೋಗಿ ಹೋಗಿ ಸಮುದ್ರದ ಮೇಲೆ, ಹಡಗಿನ ಬೆನ್ನಿಗೆ ಯುದ್ಧವಿಮಾನ ಇಳಿಸುವವನಾದ. ಆಮೇಲೆ ಬೆಂಗಳೂರಿನಲ್ಲಿ ಟೆಸ್ಟ್ ಪೈಲಟ್. ಅಂದರೆ ಹೊಸ ವಿಮಾನ, ರಿಪೇರಿಯಾದ ವಿಮಾನ, ಯಾರೂ ಇನ್ನೂ ನಂಬದ ವಿಮಾನ, ಇವನ್ನೆಲ್ಲ ಮೊದಲು ಹಾರಿಸಿ ನೋಡುವವರು. ಇಂಥವರು ಜಯಲಕ್ಷ್ಮೀಪುರದಲ್ಲಿ ಬಂಗಲೆ ಕಟ್ಟುವುದು ಬಿಟ್ಟು ತಂದೆಯ ಕಾಲದ ಮನೆಗೆ ಸುಣ್ಣ ಹೊಡೆಸಿ ಕೂತಾಗ, "ಏನೋ ಎಡವಟ್ಟಾಗಿರ್ಬೇಕು, ಇಲ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ರು" ಅಂತ ಬೀದಿಯಲ್ಲಿ ಗುಸುಗುಸು ನಡೆಯಿತು. ನಮ್ಮ ಬೀದಿಯ ಬಾಯಿ ಅಂಥದು, ನನ್ನದೂ ಸೇರಿ. ನಾವೆಲ್ಲ ಅವರನ್ನು ನೇವಿ ಮಾವ ಅಂತ ಕರೆದೆವು.

ಬೆಳಿಗ್ಗೆ ಅವರು ಸ್ಕೂಟರ್ ತೆಗೆಯುವುದೇ ಒಂದು ನೋಟ. ಬೇರೆಯವರಾದರೆ ಗಾಡಿಯನ್ನು ಒಂದು ಕಡೆ ವಾಲಿಸಿ, ಒದ್ದು, ಹೊಗೆ ಬಿಟ್ಟು ಹೊರಟುಬಿಡುತ್ತಾರೆ. ಮಾವ ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಬರಬೇಕು. ಟೈರು ಒತ್ತಿ ನೋಡಿ, ಬ್ರೇಕಿನ ತಂತಿ ಎಳೆದು ನೋಡಿ, ದೀಪ ಮುಟ್ಟಿ, ಕನ್ನಡಿ ಒರೆಸಿ, ಆಮೇಲೆ ಹತ್ತಬೇಕು. ಸ್ಕೂಲಿಗೆ ಹೊರಟ ಮಕ್ಕಳು ಹಿಂದೆ ಹಿಂದೆಯೇ ಅವರ ಹಾಗೆ ಮುಟ್ಟಿಕೊಂಡು ಸುತ್ತು ಬರುತ್ತಿದ್ದವು. "ಮಾವ, ನೀವು ಯುದ್ಧಕ್ಕೆ ಹೋಗಿದ್ರಾ?" ಅಂತ ಕೇಳಿದರೆ, "ಹೋಗಿದ್ದೆ. ವಾಪಸ್ ಬಂದೆ" ಅನ್ನುತ್ತಿದ್ದರು. ಅಷ್ಟೇ. ಹುಡುಗರಿಗೆ ಭಾರಿ ನಿರಾಸೆ.

ನಮ್ಮ ಮನೆಗೆ ಅವರ ನಂಟು ಬೆಳೆದದ್ದು ಆ ಎಲಾಸ್ಟಿಕ್ಕಿನಿಂದ. ಅಪ್ಪ ಹೋದಮೇಲೆ ಅಮ್ಮ ರವಿಕೆ ಹೊಲಿದು ಮನೆ ನಡೆಸುತ್ತಿದ್ದಳು. ವರ್ಷಕ್ಕೊಮ್ಮೆ ಪಟ್ಟಿ ಸಡಿಲಾದಾಗ ಮಾವ ಹೊಸ ಎಲಾಸ್ಟಿಕ್ ತಂದು, "ಸ್ವಲ್ಪ ಗಟ್ಟಿಯಾಗಿ ಹೊಲೀರಮ್ಮ" ಅನ್ನುತ್ತಿದ್ದರು. ಮೊದಲ ಸಲ, ಅಷ್ಟು ದೊಡ್ಡ ಆಫೀಸರ ತೊಡೆಯ ಅಳತೆ ತೆಗೆಯುವುದು ಹೇಗೆ ಅಂತ ಅಮ್ಮ ನಾಚಿಕೆಯಿಂದ ಕುಗ್ಗಿಹೋಗಿದ್ದರೆ, ಅವರೇ ಟೇಪು ಇಸಕೊಂಡು ಅಳೆದು, ಚೀಟಿಯಲ್ಲಿ ಬರೆದು ಕೊಟ್ಟರು: "ನಿಂತಾಗ ಇಷ್ಟು. ಕೂತಾಗ ಇಷ್ಟು. ಊಟದ ನಂತರ ವ್ಯತ್ಯಾಸವಿಲ್ಲ."

ಇದು ಅವರ ಬರವಣಿಗೆ. ವಿಮಾನದ್ದೆಲ್ಲ ಇಂಗ್ಲಿಷಿನಲ್ಲಿ ಬರೆದು ಮುಗಿಸಿದ್ದರಂತೆ, ಮನೆಯ ವಿಷಯ ಮಾತ್ರ ಕನ್ನಡದಲ್ಲಿ. ಅವರ ಹೆಂಡತಿ, ನಮ್ಮ ಆಂಟಿ, ಉಪ್ಪಿಟ್ಟು ಮಾಡಿಕೊಟ್ಟರೆ ಎರಡು ಚಮಚ ತಿಂದು ತೊಡೆಯ ಮೇಲೆ ಬಗ್ಗಿ ಬರೆಯುತ್ತಿದ್ದರು: "ಸಾಸಿವೆ ಅರ್ಧ ಸಿಡಿದಿಲ್ಲ. ಉಪ್ಪು ಸರಿ. ಮೂರು ಕಡೆ ಗಂಟು."

"ನೋಡೇ ಇವರ್ನ! 'ಚೆನ್ನಾಗಿದೆ' ಅಂತ ಒಂದು ಮಾತು ಬರೆದ್ರೆ ಪೆನ್ಸಿಲ್ ಸವೆದೋಗುತ್ತಾ?" ಅಂತ ಆಂಟಿ ನನ್ನ ಕಡೆ ತಿರುಗಿ ಕೇಳುತ್ತಿದ್ದರು.

"'ಚೆನ್ನಾಗಿದೆ' ಅನ್ನೋದು ರಿಪೋರ್ಟ್ ಅಲ್ಲ ಕಣೇ. ವಿಮಾನ ಚೆನ್ನಾಗಿದೆ ಅಂತ ನಾನು ಬರೆದುಕೊಟ್ಟು, ನಾಳೆ ಇನ್ನೊಬ್ಬ ಹುಡುಗ ಅದನ್ನ ನಂಬ್ಕೊಂಡು ಹತ್ತಿದ್ರೆ? ಏನಾಯ್ತು, ಎಷ್ಟು ಹೊತ್ತಿಗೆ, ಎಷ್ಟು ಎತ್ತರದಲ್ಲಿ, ಅಷ್ಟನ್ನೇ ಬರೀಬೇಕು."

"ಹಾಗಾದ್ರೆ ನನ್ನ ಉಪ್ಪಿಟ್ಟು ಎಷ್ಟು ಎತ್ತರದಲ್ಲಿ ಹಾರ್ತಿತ್ತು ಅಂತಾನೂ ಬರ್ಕೊಳ್ಳಿ" ಅಂತ ಆಂಟಿ ತಟ್ಟೆ ಎತ್ತಿಕೊಂಡು ಹೋಗಿಬಿಡುತ್ತಿದ್ದರು.

ಪಿಯುಸಿ ಮುಗಿಸಿ ನಾನು ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಗೆ ಸೇರಿದೆ. ಗ್ಯಾಸ್ ಒಲೆಯ ತಿರುಗುಣಿ ಇರುತ್ತಲ್ಲ, ಅದರ ಹಿಂದಿನ ಹಿತ್ತಾಳೆ ವಾಲ್ವ್ ಮಾಡುವ ಜಾಗ. ನನ್ನದು ಟೆಸ್ಟಿಂಗ್. ವಾಲ್ವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒಳಕ್ಕೆ ಗಾಳಿ ಬಿಡುವುದು, ಗುಳ್ಳೆ ಬಂದರೆ ಬದಿಗೆ ಹಾಕುವುದು, ಬರದಿದ್ದರೆ ಪೆಟ್ಟಿಗೆಗೆ. ಮಾವನಿಗೆ ಇದನ್ನು ಹೇಳಿದಾಗ ಎದ್ದು ನಿಂತು ಕೈ ಕುಲುಕಿದರು. "ಹಾಗಾದ್ರೆ ನೀನೂ ನಮ್ಮ ಜಾತಿಯವಳೇ" ಅಂದರು. ಅವತ್ತಿನಿಂದ ನಾನು ಅವರ ಪಾಲಿಗೆ ಇನ್‌ಸ್ಪೆಕ್ಟರಮ್ಮ.

ನಮ್ಮ ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು. ರಿಜಿಸ್ಟರಿನಲ್ಲಿ ಗಂಟೆಗೊಮ್ಮೆ ಮೀಟರು ನೋಡಿ ಗಾಳಿಯ ಒತ್ತಡ ಬರೆಯಬೇಕು. ಯಾರು ಗಂಟೆಗೊಮ್ಮೆ ಏಳುತ್ತಾರೆ? ಬೆಳಿಗ್ಗೆ ಬಂದ ಕೂಡಲೇ ಸಂಜೆಯವರೆಗಿನ ಎಲ್ಲ ಮನೆಗಳಲ್ಲೂ ಅದೇ ಅಂಕಿ ತುಂಬಿಟ್ಟುಬಿಡುವುದು. ನನಗೆ ಮೊದಲು ಕೆಲಸ ಕಲಿಸಿದವರೇ ಇದನ್ನೂ ಕಲಿಸಿದ್ದರು. ಎರಡು ವರ್ಷ ಹಾಗೇ ನಡೆಯಿತು, ಏನೂ ಆಗಲಿಲ್ಲ. ಏನೂ ಆಗದೇ ಇರುವುದೇ ನಮ್ಮನ್ನು ಕೆಡಿಸುವುದು.

ಆ ಶನಿವಾರ ಊಟಕ್ಕೆ ಏಳುವಾಗ ಒತ್ತಡದ ತಿರುಪನ್ನು ಇಳಿಸಿಟ್ಟವಳು, ವಾಪಸು ಬಂದು ಅರ್ಧ ಮಾತ್ರ ಏರಿಸಿದ್ದೆ. ಮೀಟರ್ ನೋಡಲಿಲ್ಲ. ಯಾಕೆ ನೋಡಲಿ, ಅಂಕಿ ಬೆಳಿಗ್ಗೆಯೇ ಬರೆದಾಗಿತ್ತಲ್ಲ! ಮಧ್ಯಾಹ್ನವಿಡೀ ಒಂದೇ ಒಂದು ಗುಳ್ಳೆ ಬರಲಿಲ್ಲ. ಮಾಲು ಇವತ್ತು ಭೇಷಾಗಿದೆ ಅಂತ ಹಾಡು ಗುನುಗಿಕೊಂಡು ನಾಲ್ಕು ಪೆಟ್ಟಿಗೆ ತುಂಬಿಸಿದೆ. ಪೆಟ್ಟಿಗೆಗೆ ಮೊಳೆ ಹೊಡೆದು ಲಾರಿಗೆ ಏರಿಸಿಯಾದ ಮೇಲೆ, ಮನೆಗೆ ಹೊರಡಲು ತಿರುಪು ಮುಚ್ಚಲು ಹೋದಾಗ ಮೀಟರಿನ ಮುಳ್ಳು ಕಣ್ಣಿಗೆ ಬಿತ್ತು. ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಅಯ್ಯೋ ಶಿವನೇ! ಅಷ್ಟು ಕಮ್ಮಿ ಗಾಳಿಗೆ ಸೋರುವ ವಾಲ್ವೂ ಸುಮ್ಮನೆ ಕೂತಿರುತ್ತದೆ.

ಲಾರಿ ಹೊರಡುವುದು ಸೋಮವಾರ ಬೆಳಿಗ್ಗೆ. ನನ್ನನ್ನು ಪರ್ಮನೆಂಟ್ ಮಾಡುವ ಆರ್ಡರಿಗೆ ಓನರ್ ಸಹಿ ಹಾಕುವುದು ಅದೇ ವಾರ. ಎರಡು ವರ್ಷ ಆ ಒಂದು ಸಹಿಗಾಗಿ ಕಾದಿದ್ದೆ. ಅಮ್ಮನ ಕಣ್ಣು ಮಂಜಾಗುತ್ತಿತ್ತು, ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯುತ್ತಿದ್ದಳು. ಅವಳಿಗೆ ಹೇಳಿದೆ. ಅಮ್ಮ, "ಕಂಡದ್ದನ್ನ ಕಂಡಂಗೆ ಹೇಳಿದ್ರೆ ಕೆಂಡದಂಥ ಕೋಪ ಅಂತಾರೆ. ಕೈಗೆ ಬಂದ ತುತ್ತು ಕಣೇ. ಏನೂ ಆಗಲ್ಲ, ಸುಮ್ನಿದ್ದುಬುಡು" ಅಂದಳು. ಅವಳನ್ನು ನಾನು ಇವತ್ತಿಗೂ ಬೈಯಲಾರೆ.

ಭಾನುವಾರ ಬೆಳಿಗ್ಗೆ ಮಾವನ ಮನೆಗೆ ಹೋದೆ. ಹೇಳಬೇಕು ಅಂತ ಹೋದವಳು, ಎದುರಿಗೆ ಕೂತ ಮೇಲೆ ಹೇಳಲಾರದೆ ಉಪ್ಪಿಟ್ಟು ಕಲಸುತ್ತ ಕೂತೆ.

"ಏನಮ್ಮ ಇನ್‌ಸ್ಪೆಕ್ಟರಮ್ಮ, ಏನಾಯ್ತು?" ಅಂದರು. ಒಂದೇ ಉಸಿರಿನಲ್ಲಿ ಎಲ್ಲ ಒದರಿಬಿಟ್ಟೆ. ಮಾವನ ಎಡಗಿವಿ ಇಂಜಿನ್ ಸದ್ದಿಗೆ ಹೋಗಿತ್ತು, ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿ ಪೂರ್ತಿ ಕೇಳಿದರು. ಬುದ್ಧಿ ಹೇಳಲಿಲ್ಲ. ಪಟ್ಟಿಯನ್ನು ತೊಡೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟರು.

"ಇದನ್ನ ಯಾಕೆ ಕಟ್ಕೋತೀನಿ ಗೊತ್ತಾ?" ಅಂದರು. "ಹಡಗಿನ ಮೇಲೆ ಇಳಿಯೋ ಜಾಗ ಅಂದ್ರೆ ನಮ್ಮ ಬೀದಿಯಷ್ಟೂ ಇಲ್ಲ, ಅದೂ ಅಲ್ಲಾಡ್ತಾ ಇರುತ್ತೆ. ವಿಮಾನದ ಬಾಲದ ಕೆಳಗೆ ಒಂದು ಕೊಕ್ಕೆ. ಹಡಗಿನ ಮೇಲೆ ಅಡ್ಡಕ್ಕೆ ಉಕ್ಕಿನ ಹಗ್ಗ ಕಟ್ಟಿರ್ತಾರೆ. ಕೊಕ್ಕೆ ಹಗ್ಗಕ್ಕೆ ಸಿಕ್ಕಿದ್ರೆ ನಿಂತೆ, ಇಲ್ದಿದ್ರೆ ಸಮುದ್ರ. ಒಂದಿನ ನಾನು ಕೊಕ್ಕೆ ಇಳಿಸೋದನ್ನೇ ಮರೆತುಬಿಟ್ಟೆ."

ಕೆಳಗಿದ್ದವರು ನೋಡಿ, ಇಳಿಯಬೇಡ ಅಂತ ಕೂಗಿ, ಮತ್ತೆ ಸುತ್ತು ಹಾಕಿಸಿದರಂತೆ. ಎರಡನೇ ಸಲ ಕೊಕ್ಕೆ ಇಳಿಸಿ ಸರಿಯಾಗಿಯೇ ಇಳಿದರಂತೆ. ಇಳಿದ ಮೇಲೆ ಅಲ್ಲೊಂದು ಪದ್ಧತಿ: ಪ್ರತಿಯೊಬ್ಬನೂ ಹೇಗೆ ಇಳಿದ ಅಂತ ಎಲ್ಲರೆದುರಿಗೇ ಓದುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳಬೇಕು.

"ಮೊದಲನೇ ಸಲ ಕೊಕ್ಕೆ ಯಾಕೆ ಇಳಿದಿರ್ಲಿಲ್ಲ ಅಂದ್ರು. ವಯಸ್ಸು ಇಪ್ಪತ್ತೈದು, ಮೀಸೆ ಬೇರೆ ಇತ್ತು. 'ಇಳಿಸಿದ್ದೆ ಸಾರ್, ಅದು ಬರ್ಲಿಲ್ಲ' ಅಂದುಬಿಟ್ಟೆ."

ಆಂಟಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದರು. ಅವರಿಗೂ ಈ ಕತೆ ಹೊಸದೋ ಹಳೆಯದೋ, ಮುಖದಲ್ಲಿ ಗೊತ್ತಾಗಲಿಲ್ಲ.

"ವಿಮಾನವನ್ನ ಪೂರ್ತಿ ಬಿಚ್ಚಿದ್ರು. ಕೊಕ್ಕೆ ನೋಡ್ಕೊಳ್ಳೋ ಮೆಕ್ಯಾನಿಕ್ಕಿಗೆ ರಜೆ ರದ್ದಾಯ್ತು. ಅವನ ತಂಗಿ ಮದುವೆ ಇತ್ತು ಕಣಮ್ಮ. ನಮ್ಮಪ್ಪನೂ ಮೆಕ್ಯಾನಿಕ್ಕು. ಆ ಹುಡುಗ ಎಣ್ಣೆಗೈಯಲ್ಲಿ ಆ ಕೊಕ್ಕೇನ ಇಳಿಸೋದು, ಎತ್ತೋದು, ಇಳಿಸೋದು, ಎತ್ತೋದು. ಕೆಟ್ಟೇ ಇಲ್ಲದ್ದರಲ್ಲಿ ಎಲ್ಲಿ ಕೆಟ್ಟಿದೆ ಅಂತ ಹುಡುಕ್ತಾನೇ ಇದ್ದ. ಮೂರನೇ ದಿನ ಹೋಗಿ ಒಪ್ಕೊಂಡೆ. ಆದ್ರೆ ಮದುವೆ ಎರಡನೇ ದಿನ ಆಗೋಗಿತ್ತು."

ಮಾವ ಮೇಜಿನ ಮೇಲೆ ಬಿದ್ದಿದ್ದ ಮೋಟು ಪೆನ್ಸಿಲ್ಲನ್ನು ಪಟ್ಟಿಗೆ ಸಿಕ್ಕಿಸಿದರು.

"ಶಿಕ್ಷೆ ಆಯ್ತು, ಕೆಲಸ ಹೋಗ್ಲಿಲ್ಲ. ವರ್ಷಗಳಾದ ಮೇಲೆ ಟೆಸ್ಟ್ ಪೈಲಟ್ ಆರಿಸೋವಾಗ ದೊಡ್ಡ ಆಫೀಸರ್ ಫೈಲ್ ತೆಗೆದು, 'ಕೊಕ್ಕೆ ಮರೆತವನು ನೀನೇನಾ?' ಅಂದ್ರು. ಹೌದು ಅಂದೆ. 'ನಮಗೆ ಹೇಳಿದ್ದು ಯಾರು?' ನಾನೇ ಅಂದೆ. ಅವರು ಮತ್ತೇನೂ ಕೇಳ್ಲಿಲ್ಲ, ಆರಿಸ್ಕೊಂಡ್ರು." ಪಟ್ಟಿಯನ್ನು ಮತ್ತೆ ತೊಡೆಗೆ ಬಿಗಿದುಕೊಂಡರು. "ಆ ಸುಳ್ಳು ಹೇಳಿದ ಮೇಲೆ, ಆದದ್ದನ್ನ ಆಗಿಂದಾಗ್ಲೇ ಬರ್ಕೊಳ್ಳೋಕೆ ಇದು. ನಿನ್ನ ಓನರ್ರೂ ಹಂಗೇ ಮಾಡ್ತಾರೆ ಅಂತ ನಾನು ಹೇಳಲ್ಲ. ನಂಗೊತ್ತಿಲ್ಲ. ನಿನ್ನ ಕೆಲಸ ಹೋಗಬಹುದು. ಆದ್ರೆ ನಂದು ಮೂರು ದಿನ ತಡ ಆಯ್ತು, ನಿಂಗಿನ್ನೂ ಒಂದು ದಿನ ಇದೆ."

ಸೋಮವಾರ ಬೆಳಿಗ್ಗೆ ಅವರೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಅವತ್ತೂ ಪ್ರದಕ್ಷಿಣೆ ತಪ್ಪಿಸಲಿಲ್ಲ, ನನಗೋ ಲಾರಿ ಹೊರಟುಹೋದರೆ ಅಂತ ಜೀವ ಬಾಯಿಗೆ ಬಂದಿತ್ತು. ಗೇಟಿನ ಹತ್ತಿರ ಇಳಿಸಿ ಹೇಳಿದರು: "ಮೊದಲು ಏನಾಯ್ತು ಅಂತ ಹೇಳು. ಆಮೇಲೆ ಯಾಕಾಯ್ತು ಅಂತ ಹೇಳು. ಅಳೋದು ಕೊನೇಲಿ. ನಾನು ಹೊರಟೆ, ಹಾಲು ತರಬೇಕು."

ಹಾಗೇ ಹೇಳಿದೆ. ಓನರ್ ನನ್ನ ಮೇಲೆ ಹರಿಹಾಯ್ದರು. ಅವರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ, ನನ್ನ ಸತ್ತ ಅಪ್ಪನನ್ನೂ ಬಿಡಲಿಲ್ಲ. ಆದರೆ ಲಾರಿ ನಿಲ್ಲಿಸಿದರು. ನಾಲ್ಕು ಪೆಟ್ಟಿಗೆ ಇಳಿಸಿ, ಮೊಳೆ ಕಿತ್ತು, ಒಂದೊಂದನ್ನೇ ಮತ್ತೆ ನೀರಿಗೆ ಹಾಕಿದೆವು. ಓನರ್ ತೊಟ್ಟಿಯ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತರು. ಮೊದಲ ಗುಳ್ಳೆ ಎದ್ದಾಗ ಅವರ ಬೈಗುಳ ನಿಂತಿತು. ಒಟ್ಟು ಹನ್ನೊಂದು ವಾಲ್ವ್ ಸೋರಿದವು. ಅವನ್ನು ಬದಿಗೆ ಸಾಲಾಗಿ ಇಟ್ಟು ನೋಡುತ್ತ, "ಹನ್ನೊಂದು ಅಡುಗೆಮನೆ" ಅಂದರು, ಮೆಲ್ಲಗೆ, ತಮಗೆ ತಾವೇ. ಆಮೇಲೆ ರಿಜಿಸ್ಟರ್ ತರಿಸಿ, ಸಂಜೆಯವರೆಗೆ ತುಂಬಿದ್ದ ಅಂಕಿ ನೋಡಿ ಮತ್ತೆ ಶುರು ಮಾಡಿದರು, ಈ ಸಲ ಎಲ್ಲರ ಮೇಲೂ.

ನನ್ನ ಆರ್ಡರಿಗೆ ಆ ವಾರ ಸಹಿ ಬೀಳಲಿಲ್ಲ. ಆರು ತಿಂಗಳು ತಡವಾಗಿ ಬಿತ್ತು. ಆ ಆರು ತಿಂಗಳು ಅಮ್ಮ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಎಲಾಸ್ಟಿಕ್ ಹೊಲಿಯಲು ಕೊಟ್ಟರೆ ಮಾವನಿಗೂ ಮುಖ ಗಂಟಿಕ್ಕಿಕೊಂಡೇ ಹೊಲಿದುಕೊಟ್ಟಳು. ಗಟ್ಟಿಯಾಗಿಯೇ ಹೊಲಿದಳು ಅನ್ನಿ. ಗಂಟೆಗೊಮ್ಮೆ ಮೀಟರ್ ನೋಡಿ ಬರೆಯುವುದು ನಮ್ಮಲ್ಲಿ ಶುರುವಾದದ್ದು ಆವಾಗಿನಿಂದ. ಈಗ ಆ ವಿಭಾಗಕ್ಕೆ ನಾನೇ ಮುಖ್ಯಸ್ಥೆ. ಹೊಸದಾಗಿ ಸೇರುವ ಹುಡುಗಿಯರು ನನ್ನ ಬೆನ್ನ ಹಿಂದೆ ಏನಂತಾರೋ ಗೊತ್ತು, ಅನ್ನಲಿ. ಮೊದಲ ದಿನವೇ ಅವರಿಗೆ ನನ್ನ ಹನ್ನೊಂದು ವಾಲ್ವಿನ ಕತೆ ಹೇಳಿಬಿಡುತ್ತೇನೆ.

ಮಾವನಿಗೆ ಎದೆಯ ತೊಂದರೆ ಬಂದದ್ದು ಎರಡು ಸಾವಿರದ ದಶಕದ ನಡುವಿನಲ್ಲಿ. ಡಾಕ್ಟರಿಗೂ ಚೀಟಿ ಬರೆದುಕೊಟ್ಟರಂತೆ, ಎಷ್ಟನೇ ಮೆಟ್ಟಿಲಲ್ಲಿ ಉಸಿರು ಕಟ್ಟಿತು, ಎಷ್ಟು ನಿಮಿಷಕ್ಕೆ ಸರಿಹೋಯಿತು ಅಂತ. ಒಂದು ಬೆಳಿಗ್ಗೆ ಸ್ಕೂಟರಿನ ಸುತ್ತ ಅರ್ಧ ಸುತ್ತು ಬಂದವರು, ಕನ್ನಡಿ ಒರೆಸಿ, ಜಗಲಿಯ ಮೇಲೆ ಕೂತರು. ಆಂಟಿ ನೀರು ತರುವಷ್ಟರಲ್ಲಿ ಹೋಗಿದ್ದರು. ಸ್ಕೂಲಿಗೆ ಹೊರಟ ಮಕ್ಕಳು ಗೇಟಿನ ಹೊರಗೆ ಬ್ಯಾಗು ಹಿಡಿದು ನಿಂತೇ ಇದ್ದವು.

ಹದಿಮೂರನೇ ದಿನ ಕಳೆದ ಮೇಲೆ ಆಂಟಿ ನನ್ನನ್ನು ಕರೆದು, ಟ್ರಂಕಿನ ತುಂಬ ಇದ್ದ ಪುಸ್ತಕಗಳಲ್ಲಿ ಒಂದನ್ನು ಕೈಗಿಟ್ಟರು. ಒಂದು ಹಾಳೆಯ ತುದಿ ಮಡಿಸಿತ್ತು. ಆ ಸೋಮವಾರದ ಹಾಳೆ.

"೬-೫೦. ಗೇಟು. ಹುಡುಗಿ ಇಳಿದಳು.
೬-೫೫. ಒಳಗೆ ಹೋದಳು. ಒಬ್ಬಳೇ. ತಿರುಗಿ ನೋಡಲಿಲ್ಲ.
೭-೧೫. ಎದುರಿನ ಟೀ ಅಂಗಡಿ. ಓನರ್ ಕೂಗುವುದು ನನಗೂ ಕೇಳುತ್ತಿದೆ.
೭-೪೦. ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದಾರೆ.
ಚೆನ್ನಾಗಿದೆ."

ಹಾಲು ತರಲು ಹೋಗಿರಲೇ ಇಲ್ಲ ಅವರು.

"ನಲವತ್ತು ವರ್ಷ ನನ್ನ ಉಪ್ಪಿಟ್ಟಿಗೆ ಬರೀಲಿಲ್ಲ ಕಣೇ," ಆಂಟಿ ಅಳುತ್ತಲೇ ನಕ್ಕರು, "ನಿಂಗೆ ಬರೆದಿದ್ದಾರೆ ನೋಡು."

ಮಾವ, ಏನಾಯ್ತು ಅಂತ ಹೇಳಿದ್ದೇನೆ. ಯಾಕಾಯ್ತು ಅಂತಲೂ ಹೇಳಿದ್ದೇನೆ. ಇನ್ನು ಅಳುತ್ತೇನೆ.