ಮುಳುಗಿ ಎದ್ದ ಬೋಟಿಗೆ ಮೂರು ಕೋಟು ಬಣ್ಣ

ಹಂಗಾರಕಟ್ಟೆಯಲ್ಲಿ ಬೋಟುಗಳಿಗೆ ಬಣ್ಣ ಹೊಡೆಯುವ ನನಗೆ ಓದುವ ಚಟ ಅಂಟಿದ್ದು ನೆಲಕ್ಕೆ ಹಾಸುವ ಹಳೆಯ ಪತ್ರಿಕೆಗಳಿಂದ. ಇವತ್ತು ಟರ್ಪೆಂಟೈನ್ ವಾಸನೆಯ ನಡುವೆ ಕುಕ್ಕರುಗಾಲಲ್ಲಿ ಕೂತು ಓದಿದ್ದು ಬ್ರಿಟಿಷ್ ನೌಕಾಪಡೆಯ ಮೊದಮೊದಲ ಜಲಾಂತರ್ಗಾಮಿಯೊಂದರ ಸೇವಾ ಚರಿತ್ರೆ.

ಅದು ಮಾಡಿದ ಸೇವೆ ಕೇಳಿ. ಅಭ್ಯಾಸಕ್ಕೆಂದು ನೀರಿನಡಿ ಇದ್ದಾಗ ಪ್ರಯಾಣಿಕರ ಹಡಗೊಂದು ಗುದ್ದಿತು. ಒಳಗಿದ್ದವರೆಲ್ಲ ಸತ್ತರು, ಗುದ್ದಿದ್ದು ಯಾವುದಕ್ಕೆ ಎಂಬುದು ಹಡಗಿನವರಿಗೆ ಆಗ ತಿಳಿಯಲೂ ಇಲ್ಲ. ಅದನ್ನು ಎತ್ತಿ, ರಿಪೇರಿ ಮಾಡಿ, ಮತ್ತೆ ಕೆಲಸಕ್ಕೆ ಹಚ್ಚಿದರು. ಮುಂದೆ ಒಳಗೆ ಸ್ಫೋಟವಾಯಿತು. ಕೊನೆಗೆ ಜನರಿಲ್ಲದೆ ಗುರಿಹೊಡೆತದ ಅಭ್ಯಾಸಕ್ಕೆ ಬಿಟ್ಟಾಗ ತಾನೇ ಎಲ್ಲೋ ಮುಳುಗಿಹೋಯಿತು. ಎಷ್ಟೋ ದಶಕಗಳ ಮೇಲೆ ಸಿಕ್ಕಿದ್ದು ಮೀನುಗಾರನೊಬ್ಬನ ಬಲೆಗೆ. ಸರಕಾರ ಕಳೆದುಕೊಂಡದ್ದನ್ನು ಹುಡುಕಿಕೊಡುವುದು ಎಲ್ಲ ದೇಶಗಳಲ್ಲೂ ಮೀನುಗಾರರ ಕೆಲಸವೇ ಇರಬೇಕು.

ಸತ್ತವರಿಗೆ ಅರ್ಧ ಸಾಲು. ಅದರ ಕೆಳಗೆ, ನೀಲಿ ಹನಿ ಬಿದ್ದಲ್ಲಿ, ಇನ್ನೊಂದು ಸಾಲಿತ್ತು: ಆ ಅಪಘಾತದ ನಂತರದ ಜಲಾಂತರ್ಗಾಮಿಗಳಿಗೆ ಜನ ಒಳಗಿಳಿಯುವ ಮೇಲಿನ ಗೋಪುರದ ಬುಡದಲ್ಲಿ ನೀರು ತಡೆಯುವ ಬಾಗಿಲೊಂದನ್ನು ಇಟ್ಟರಂತೆ.

ನನ್ನ ಕುಂಚ ನಿಂತಿತು.

ಒಂಬತ್ತು ವರ್ಷಗಳ ಹಿಂದೆ ನಮ್ಮ ಅಳಿವೆಯಲ್ಲಿ ಕೆಂಪು ಬೋಟೊಂದು ಮಗುಚಿತು. ಎಂಜಿನ್ ಕೋಣೆಯಲ್ಲಿದ್ದ ಶೀನ ಒಬ್ಬನೇ ಹೊರಗೆ ಬರಲಿಲ್ಲ. ಬೋಟನ್ನು ದಡಕ್ಕೆಳೆದಾಗ ಮೊದಲು ಹತ್ತಿದವನು ನಾನು. ಕೋಣೆಯ ಮುಚ್ಚಳಕ್ಕೆ ಹೊರಗಿನಿಂದ ಚಿಲಕ ಹಾಕಿತ್ತು. ಅಲೆಗೆ ಮುಚ್ಚಳ ಬಡಿಯದಿರಲಿ ಎಂದು ಹಾಗೆ ಹಾಕುವುದು ರೂಢಿ. ಒಳಗೆ ಯಾರಿದ್ದಾರೆಂದು ಕೇಳುವುದು ರೂಢಿಯಲ್ಲ.

ಬೋಟಿನ ಸಾಹುಕಾರರು ನನ್ನನ್ನು ಬದಿಗೆ ಕರೆದರು. "ಹ್ವಾಯ್, ನೀ ಎಂತದೂ ಕಂಡದ್ದಿಲ್ಲ, ಅಕಾ? ನೀಲಿ ಹೊಡಿ, ಹೆಸ್ರ್ ಬೇರೆ ಬರಿ."

ನನ್ನ ಕೈ ಚುರುಕು, ಬಾಯಿ ನಿಧಾನ. ಮೂರು ಕೋಟು ಹೊಡೆದೆ, ಚಿಲಕಕ್ಕೂ. ವಿಚಾರಣೆಗೆ ಬಂದವರ ಹತ್ತಿರ "ಕಾಣ್ಲಿಲ್ಲ" ಎಂದೆ. ಸಾಹುಕಾರರು ಕುಂಭಾಶಿಯಲ್ಲಿ ಪೂಜೆ ಕೊಟ್ಟು, ಬೋಟನ್ನು ಬೈಂದೂರಿನವರಿಗೆ ಮಾರಿದರು. ದೇವರಿಗೂ ಹೊಸ ಹೆಸರನ್ನೇ ಹೇಳಿದ್ದರು. ಸೇವಾ ಚರಿತ್ರೆ ಮುಂದುವರಿಯಿತು.

ಈಗ ಬೈಂದೂರಿನಿಂದ ಮರಳಿ, ಬಣ್ಣಕ್ಕೆಂದು ನನ್ನ ಮುಂದೆ ನಿಂತಿರುವುದು ಅದೇ ಬೋಟು. ಚಿಲಕವೂ ಅದೇ. ಹೊಸ ಡ್ರೈವರ್ ಮಂಜ, ಶೀನನ ತಮ್ಮ.

"ಎಂತ ಅಣ್ಣ, ಬಣ್ಣ ಹೊಡೂಕ್ ಬಂದದ್ದಾ, ಪೇಪರ್ ಓದೂಕಾ? ನಾಳೆ ನೀರಿಗ್ ಇಳ್ಸೂಕಿತ್ತ್!"

"ಮಂಜ, ಇದ್ ನಿನ್ನಣ್ಣ ಇದ್ದ ಬೋಟ್."

ಅವನು ನಕ್ಕ. "ಅದ್ ಕೆಂಪ್ ಮಾರಾಯ್ರೆ. ಟರ್ಪೆಂಟೈನ್ ತಲೆಗೇರಿತಾ?"

ನಾನು ಉಳಿ ಹಾಕಿ ಕೆರೆದೆ. ನೀಲಿಯಡಿ ಕೆಂಪು ಕಂಡಿತು. ಅವನ ನಗು ನಿಂತಿತು. ಆಮೇಲೆ ಚಿಲಕದ ವಿಷಯ ಹೇಳಿದೆ, ನಾನು ಕಂಡಷ್ಟನ್ನೇ, ಒಂದು ಮಾತು ಹೆಚ್ಚಿಲ್ಲದೆ.

ಅವನು ಮುಚ್ಚಳದ ಚಿಲಕವನ್ನು ಒಮ್ಮೆ ಹಾಕಿ ತೆಗೆದ. "ಅಳಿವೆ ಈಜಿ ದಾಟುವವ ಹ್ಯಾಂಗ್ ಸತ್ತ ಅಂದ್ ಅಮ್ಮ ಇವತ್ತಿಗೂ ಕೇಂತ್ಳ್. ನೀವ್ ಒಂಬತ್ತ್ ವರ್ಷ ಎಂತ ಮಾಡ್ತಿದ್ರಿ?"

ಬಣ್ಣ ಹೊಡೆಯುತ್ತಿದ್ದೆ. ಉಳಿ ಹಿಡಿದು ಚಿಲಕದ ಮುಂದೆ ಕೂತೆ.

ಸ್ಕ್ರೂಗಳ ಸೀಳಿನಲ್ಲಿ ನನ್ನದೇ ಮೂರು ಕೋಟು ಗಟ್ಟಿಯಾಗಿ ಕೂತಿತ್ತು. ಒಂದೊಂದನ್ನೇ ಕೆರೆದು ಇಬ್ಬರೂ ಚಿಲಕ ಬಿಚ್ಚಿದೆವು. ಮಂಜ ಅದನ್ನು ನನ್ನ ಅಂಗೈಯಲ್ಲಿಟ್ಟ.

"ಬನ್ನಿ, ಮನಿಗ್ ಹೋಪ. ಅಮ್ಮನ್ ಹತ್ರ ನೀವೇ ಹೇಳಿ."

ಮೂವತ್ತು ವರ್ಷಗಳಲ್ಲಿ ಮೊದಲ ಸಲ, ಕುಂಚ ತೊಳೆಯದೆ ಹೊರಟೆ.